ಐಸಿಯುವಿನಲ್ಲಿರುವ ರೋಗಿಯ ಶುಗರ್: ಕಾಸರಗೋಡಿನ ಮನೆಯವರಿಗೆ ಒಂದು ಮಾರ್ಗದರ್ಶಿ

ಮನೆಯ ಹಿರಿಯರೊಬ್ಬರು ನ್ಯುಮೋನಿಯಾದಿಂದಲೋ ಇಲಿಜ್ವರದಿಂದಲೋ ಐಸಿಯು ಸೇರಿದ್ದಾರೆ. ಮೂರನೆಯ ದಿನ, ಭೇಟಿಗೆ ಸಿಕ್ಕ ಹತ್ತು ನಿಮಿಷದಲ್ಲಿ, ಮಂಚದ ಕಾಲಬಳಿಯ ಹಾಳೆಯಲ್ಲಿ 168 ಎಂಬ ಅಂಕಿಯನ್ನು ಕಂಡ ಮಗ ಹೊರಗೆ ಬಂದು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: ಇಷ್ಟು ಇನ್ಸುಲಿನ್ ಕೊಟ್ಟರೂ ಶುಗರ್ ಯಾಕೆ ನಾರ್ಮಲ್ ಆಗಿಲ್ಲ? ಮನೆಯಲ್ಲಿ ಬರಿಹೊಟ್ಟೆಯ ಶುಗರ್ 130 ದಾಟಿದರೆ ಬೈಸಿಕೊಂಡು ಅಭ್ಯಾಸವಾದವರಿಗೆ ಈ ಪ್ರಶ್ನೆ ಸಹಜ. ಆದರೆ ಆ ಮಂಚದ ಮೇಲಿರುವ ರೋಗಿಗೆ 168 ಎಂಬುದು, ಬಹುಮಟ್ಟಿಗೆ, ವೈದ್ಯರು ಬಯಸುತ್ತಿರುವ ಅಂಕಿಯೇ ಆಗಿರುತ್ತದೆ.

ಐಸಿಯುವಿನ ಬಾಗಿಲ ಒಳಗೆ ನಿಂತು ಹಲವು ವರ್ಷ ಕೆಲಸ ಮಾಡಿದವನಾಗಿ, ಹೊರಗಿನ ಬೆಂಚಿನ ಮೇಲೆ ಕುಳಿತವರಿಗೆ ಹೇಳಬೇಕೆನಿಸಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಎಷ್ಟು ಯೂನಿಟ್ ಇನ್ಸುಲಿನ್ ಕೊಡಬೇಕೆಂಬುದು ಚಿಕಿತ್ಸೆ ಮಾಡುವವರ ನಿರ್ಧಾರ. ಅದರಲ್ಲಿ ಮನೆಯವರು ಕೈ ಹಾಕಬಾರದು. ಆದರೆ ಅವರ ನಿರ್ಧಾರ ಸರಿಯಾಗಿರಲು ಬೇಕಾದ ಕೆಲವು ಸಂಗತಿಗಳು ಮನೆಯವರ ಬಳಿ ಮಾತ್ರ ಇರುತ್ತವೆ. ಬದಿಯಡ್ಕದಿಂದ ಕಾಸರಗೋಡಿಗೆ, ಅಲ್ಲಿಂದ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೀಗೆ ಎರಡು ಮೂರು ಕೈ ದಾಟಿ ಸಾಗುವ ನಮ್ಮ ಕಡೆಯ ರೋಗಿಗಳ ವಿಷಯದಲ್ಲಿ ಕಳೆದುಹೋಗುವುದು ಮೊದಲು ಈ ಸಂಗತಿಗಳೇ.

ಹೆಜ್ಜೆ 1: ಹೊರಡುವಾಗ ಚೀಲಕ್ಕೆ ಹಾಕಬೇಕಾದದ್ದು

“ಶುಗರಿನ ಒಂದು ಸಣ್ಣ ಬಿಳಿ ಗುಳಿಗೆ ತೆಗೆದುಕೊಳ್ಳುತ್ತಿದ್ದರು” ಎಂಬ ಉತ್ತರದಿಂದ ಯಾವ ಉಪಯೋಗವೂ ಇಲ್ಲ. ಗುಳಿಗೆಗಳನ್ನು ಅವುಗಳ ಸ್ಟ್ರಿಪ್ಪಿನ ಸಮೇತ, ಹೆಸರು ಓದಲು ಬರುವಂತೆ, ತೆಗೆದುಕೊಂಡು ಹೋಗಬೇಕು. ಗ್ಲಿಬೆನ್‌ಕ್ಲಾಮೈಡ್, ಗ್ಲಿಮೆಪಿರೈಡ್ ಮುಂತಾದವು ಮೂತ್ರಪಿಂಡ ಸೋತವರ ದೇಹದಲ್ಲಿ ಹೆಚ್ಚು ಕಾಲ ಉಳಿದು, ನುಂಗಿದ ಮರುದಿನವೂ ಶುಗರನ್ನು ಕೆಳಕ್ಕೆ ಎಳೆಯಬಲ್ಲವು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಮೂತ್ರಪಿಂಡ ಹಠಾತ್ತಾಗಿ ಕೆಟ್ಟರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುವ ಅಪಾಯವಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಗುಳಿಗೆಗಳದ್ದು ಇನ್ನೂ ಸೂಕ್ಷ್ಮ ಸಂಗತಿ: ಶುಗರ್ 200ರ ಒಳಗಿದ್ದು ಎಲ್ಲವೂ ಸರಿಯೆಂದು ತೋರುತ್ತಿರುವಾಗಲೇ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲಗಳು ರಕ್ತವನ್ನು ಕೆಡಿಸುತ್ತಿರಬಹುದು. ಈ ಗುಳಿಗೆಯ ಹೆಸರು ಗೊತ್ತಿಲ್ಲದ ವೈದ್ಯರಿಗೆ ಆ ಅನುಮಾನ ಬರುವುದೇ ತಡವಾಗುತ್ತದೆ.

ಇನ್ಸುಲಿನ್ ಚುಚ್ಚಿಕೊಳ್ಳುವವರಾದರೆ ಪೆನ್ನನ್ನೋ ಖಾಲಿ ಬಾಟಲಿಯನ್ನೋ ಒಯ್ಯಿರಿ. ಕೊನೆಯ ಚುಚ್ಚುಮದ್ದು ಎಷ್ಟು ಯೂನಿಟ್, ಎಷ್ಟು ಗಂಟೆಗೆ, ಅದಾದ ಮೇಲೆ ಊಟ ಮಾಡಿದ್ದಾರೆಯೇ, ಮಾಡಿದ್ದರೆ ವಾಂತಿಯಾಯಿತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕಷಾಯ, ಚೂರ್ಣ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ಅದನ್ನೂ ಹೇಳಬೇಕು. ಕಳೆದ ಒಂದು ವರ್ಷದೊಳಗಿನ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) ವರದಿಗಳು ಸಿಕ್ಕರೆ ಅವು ಬಹಳ ಬೆಲೆಬಾಳುವ ಕಾಗದಗಳು.

ನಮ್ಮ ಜಿಲ್ಲೆಗೇ ಸೇರಿದ ಎರಡು ಗೊಂದಲಗಳನ್ನು ಇಲ್ಲಿ ಹೇಳಬೇಕು. ಗಲ್ಫಿನಿಂದ ಬಂದವರು ತಂದುಕೊಟ್ಟ ಗ್ಲುಕೋಮೀಟರುಗಳಲ್ಲಿ ಕೆಲವು ಬೇರೆ ಅಳತೆಯಲ್ಲಿ (ಮಿಲಿಮೋಲ್) ಅಂಕಿ ತೋರಿಸುತ್ತವೆ; ಅದರಲ್ಲಿ ಬಂದ 10ನ್ನು 18ರಿಂದ ಗುಣಿಸಿದರೆ ನಮ್ಮ ಅಳತೆಯ (ಡೆಸಿಲೀಟರಿಗೆ ಮಿಲಿಗ್ರಾಂ) 180 ಆಗುತ್ತದೆ. “ಮನೆಯಲ್ಲಿ ಶುಗರ್ 12 ಇತ್ತು” ಎಂದು ಯಾರಾದರೂ ಹೇಳಿದರೆ ಅದು 216. ಎರಡನೆಯದು ಮಾತಿನದ್ದು. ಮಲಯಾಳದಲ್ಲಿ ‘ಪ್ರಮೇಹಂ’ ಎಂದರೆ ಸಕ್ಕರೆ ಕಾಯಿಲೆಯೇ. ಅದೇ ಪದವನ್ನು ಕನ್ನಡದ ಹಳೆಯ ಅರ್ಥದಲ್ಲಿ ಮೂತ್ರದ ಬೇರಾವುದೋ ರೋಗವೆಂದು ತಿಳಿದು, “ಇಲ್ಲ, ಆ ರೋಗ ಇಲ್ಲ” ಎಂದು ತಲೆಯಾಡಿಸಿದ ಹಿರಿಯರನ್ನು ನಾನು ಕಂಡಿದ್ದೇನೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳುವುದರಲ್ಲಿ ಅವಮಾನವಿಲ್ಲ.

ಹೆಜ್ಜೆ 2: ಏರಿದ್ದು ಯಾವ ಬಗೆಯ ಶುಗರ್ ಎಂದು ತಿಳಿಯುವುದು

ಜನ್ಮದಲ್ಲಿ ಸಕ್ಕರೆ ಕಾಯಿಲೆ ಇಲ್ಲದವರ ಶುಗರ್ ಕೂಡ ಐಸಿಯುವಿನಲ್ಲಿ 200 ದಾಟುವುದುಂಟು. ದೇಹಕ್ಕೆ ಭಾರೀ ಪೆಟ್ಟು ಬಿದ್ದಾಗ ಅಡ್ರಿನಲಿನ್, ಕಾರ್ಟಿಸಾಲ್, ಗ್ಲುಕಗಾನ್ ಎಂಬ ಹಾರ್ಮೋನುಗಳು ಒಟ್ಟಿಗೆ ಏರುತ್ತವೆ, ಯಕೃತ್ತು ತನ್ನಲ್ಲಿದ್ದ ಗ್ಲುಕೋಸನ್ನು ರಕ್ತಕ್ಕೆ ಸುರಿಯುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಅದೇ ಹೊತ್ತಿಗೆ ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಇದರ ಮೇಲೆ ನಾವು ಕೊಡುವ ಔಷಧಗಳೂ ಸೇರಿಕೊಳ್ಳುತ್ತವೆ. ರಕ್ತದೊತ್ತಡ ಎತ್ತಿಹಿಡಿಯುವ ಅಡ್ರಿನಲಿನ್, ನಂಜೇರಿ ಒತ್ತಡ ಕುಸಿದವರಿಗೆ ಕೊಡುವ ಹೈಡ್ರೋಕಾರ್ಟಿಸೋನ್, ಕೋವಿಡ್ ಕಾಲದಲ್ಲಿ ಎಲ್ಲರೂ ಹೆಸರು ಕೇಳಿದ ಡೆಕ್ಸಾಮೆಥಾಸೋನ್, ಇವೆಲ್ಲವೂ ಶುಗರ್ ಏರಿಸುತ್ತವೆ.

ಇದು ಹಳೆಯ ಕಾಯಿಲೆಯೋ ಹೊಸ ಏರಿಕೆಯೋ ಎಂಬುದನ್ನು ಎಚ್‌ಬಿಎ1ಸಿ ಪರೀಕ್ಷೆ ಬಹುಮಟ್ಟಿಗೆ ಹೇಳುತ್ತದೆ, ಅದು 6.5 ಅಥವಾ ಹೆಚ್ಚಿದ್ದರೆ ರೋಗಿ ಐಸಿಯುವಿಗೆ ಬರುವ ಮೊದಲೇ ಸಕ್ಕರೆ ಕಾಯಿಲೆ ಇತ್ತು ಎಂದು ತಿಳಿಯುತ್ತಾರೆ. ಆದರೆ ರೋಗಿಗೆ ರಕ್ತ ಹಾಕಿದ ಮೇಲೆ ಮಾಡಿದ ಎಚ್‌ಬಿಎ1ಸಿಯನ್ನು ನಂಬುವಂತಿಲ್ಲ, ಏಕೆಂದರೆ ಆಗ ಅಳೆಯುವುದು ಭಾಗಶಃ ದಾನಿಯ ರಕ್ತಕಣಗಳನ್ನು. ಆದ್ದರಿಂದ ರಕ್ತ ಹಾಕುವ ಮೊದಲು ಈ ಪರೀಕ್ಷೆಗೆ ರಕ್ತ ತೆಗೆದಿಟ್ಟಿದ್ದಾರೆಯೇ ಎಂದು ಒಂದು ಮಾತು ಕೇಳಬಹುದು.

ಹೆಜ್ಜೆ 3: ಗುರಿ ಎಷ್ಟೆಂದು ಕೇಳುವುದು

“ಶುಗರ್ ಎಷ್ಟಿದೆ?” ಎಂದು ಕೇಳುವುದಕ್ಕಿಂತ “ಇವರಿಗೆ ಎಷ್ಟರ ಒಳಗೆ ಇಡುತ್ತಿದ್ದೀರಿ?” ಎಂದು ಕೇಳುವುದು ಒಳ್ಳೆಯದು. ಸಾಮಾನ್ಯವಾಗಿ ಒಪ್ಪಿತವಾದ ಪದ್ಧತಿ ಹೀಗಿದೆ: ಶುಗರ್ 180 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿ ನಿಂತರೆ ಇನ್ಸುಲಿನ್ ಆರಂಭಿಸುವುದು, ಆರಂಭಿಸಿದ ಮೇಲೆ ಹೆಚ್ಚಿನವರಲ್ಲಿ 140ರಿಂದ 180ರ ನಡುವೆ ಇಟ್ಟುಕೊಳ್ಳುವುದು.

ಈ ಗುರಿ ಸೋಮಾರಿತನದಿಂದ ಬಂದದ್ದಲ್ಲ. ಇದರ ಹಿಂದೆ ಒಂದು ಪೆಟ್ಟು ತಿಂದ ಪಾಠವಿದೆ. 2001ರಲ್ಲಿ ಬೆಲ್ಜಿಯಂನ ಲುವೆನ್ ನಗರದ ಗ್ರೀಟ್ ವಾನ್ ಡೆನ್ ಬರ್ಗ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯ ಐಸಿಯುವಿನ 1,548 ರೋಗಿಗಳಲ್ಲಿ ಶುಗರನ್ನು ಆರೋಗ್ಯವಂತರಂತೆ 80ರಿಂದ 110ರ ಒಳಗೆ ಬಿಗಿಯಾಗಿ ಹಿಡಿದಾಗ, ಐಸಿಯುವಿನಲ್ಲಿ ಸಾಯುವವರ ಪ್ರಮಾಣ ನೂರಕ್ಕೆ 8ರಿಂದ 4.6ಕ್ಕೆ ಇಳಿಯಿತೆಂದು ಪ್ರಕಟಿಸಿದರು. ಜಗತ್ತಿನ ಹಲವು ಐಸಿಯುಗಳು ಆ ದಾರಿ ಹಿಡಿದವು. ಆದರೆ ಅಲ್ಲಿನ ರೋಗಿಗಳಲ್ಲಿ ಬಹಳ ಮಂದಿ ಹೃದಯದ ಶಸ್ತ್ರಚಿಕಿತ್ಸೆ ಆದವರು, ಮೊದಲ ದಿನದಿಂದಲೇ ರಕ್ತನಾಳದ ಮೂಲಕ ಧಾರಾಳವಾಗಿ ಗ್ಲುಕೋಸ್ ಪಡೆಯುತ್ತಿದ್ದವರು. ಅದೇ ತಂಡ 2006ರಲ್ಲಿ ಶಸ್ತ್ರಚಿಕಿತ್ಸೆಯಲ್ಲದ ರೋಗಿಗಳಲ್ಲಿ ಇದನ್ನೇ ಮಾಡಿದಾಗ ಒಟ್ಟು ಸಾವಿನ ಪ್ರಮಾಣದಲ್ಲಿ ಲಾಭ ಕಾಣಲಿಲ್ಲ. 2009ರಲ್ಲಿ ‘ನೈಸ್-ಶುಗರ್’ ಎಂಬ ಅಧ್ಯಯನ, 6,104 ರೋಗಿಗಳನ್ನು ಸೇರಿಸಿಕೊಂಡು ನಡೆದದ್ದು, ಮಾತನ್ನೇ ತಿರುಗಿಸಿತು: 81ರಿಂದ 108ರ ಬಿಗಿ ಗುರಿಯ ಗುಂಪಿನಲ್ಲಿ ತೊಂಬತ್ತು ದಿನಗಳೊಳಗೆ ಸತ್ತವರು ನೂರಕ್ಕೆ 27.5, ಶುಗರ್ 180ರ ಒಳಗಿದ್ದರೆ ಸಾಕೆಂದ ಗುಂಪಿನಲ್ಲಿ 24.9. ಶುಗರ್ 40 ಅಥವಾ ಅದಕ್ಕಿಂತ ಕೆಳಗೆ ಕುಸಿದದ್ದು ಬಿಗಿ ಗುಂಪಿನ ನೂರಕ್ಕೆ 6.8 ಮಂದಿಯಲ್ಲಿ, ಸಡಿಲ ಗುಂಪಿನಲ್ಲಿ 0.5.

ನನ್ನ ಅಭಿಪ್ರಾಯದಲ್ಲಿ ರೋಗಿಯ ಮನೆಯವರು ಬೇರೇನನ್ನು ಮರೆತರೂ ಇದನ್ನು ಮರೆಯಬಾರದು. ಐಸಿಯುವಿನಲ್ಲಿ ಹೆಚ್ಚು ಭಯಪಡಬೇಕಾದದ್ದು 190 ಎಂಬ ಅಂಕಿಗಲ್ಲ, 50 ಎಂಬ ಅಂಕಿಗೆ. “ಡಾಕ್ಟ್ರೇ, ನಾರ್ಮಲ್‌ಗೆ ತನ್ನಿ” ಎಂದು ಒತ್ತಾಯಿಸುವುದು ಪ್ರೀತಿಯಿಂದಲೇ ಆದರೂ ರೋಗಿಯನ್ನು ಆ ಕೆಳಗಿನ ಅಂಚಿನತ್ತ ತಳ್ಳುವ ಒತ್ತಾಯ. ಹಾಗೆಂದು 300ರಲ್ಲಿ ಬಿಡುವುದೂ ಸಲ್ಲದು. ಸೋಂಕು ಬಗ್ಗುವುದಿಲ್ಲ, ಮೂತ್ರದಲ್ಲಿ ನೀರು ಲವಣಗಳು ಹರಿದುಹೋಗುತ್ತವೆ, ಗಾಯ ಮಾಯುವುದಿಲ್ಲ. ಗಳಿಗೆಗೊಮ್ಮೆ 90, ಗಳಿಗೆಗೊಮ್ಮೆ 280 ಎಂದು ಏರಿಳಿಯುವ ಶುಗರಿಗಿಂತ 170ರ ಆಸುಪಾಸು ನಿಂತ ಶುಗರ್ ಮೇಲು.

ಹೆಜ್ಜೆ 4: ಅಂಕಿ ಎಲ್ಲಿಂದ ಬಂತೆಂದು ಗಮನಿಸುವುದು

ಬೆರಳು ಚುಚ್ಚಿ ನೋಡುವ ಮೀಟರ್ ಮನೆಯಲ್ಲಿ ನಂಬಿಗಸ್ತ; ಐಸಿಯುವಿನಲ್ಲಿ ಅಷ್ಟಲ್ಲ. ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾದವರ, ಬೆರಳು ಬಾತುಕೊಂಡವರ ಬೆರಳತುದಿಯ ರಕ್ತ ದೇಹದ ನಿಜವಾದ ಶುಗರನ್ನು ಹೇಳದಿರಬಹುದು. ರಕ್ತಹೀನತೆ ತೀವ್ರವಾಗಿದ್ದರೆ ಹಲವು ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅಂದರೆ ನಿಜವಾಗಿ 65 ಇರುವಾಗ ಮೀಟರ್ ನೆಮ್ಮದಿಯ ಅಂಕಿ ತೋರಿಸಬಹುದು. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಚುಚ್ಚುಮದ್ದೂ ಕೆಲವು ಮೀಟರುಗಳನ್ನು ಹೀಗೆಯೇ ಮೋಸಗೊಳಿಸುತ್ತದೆ. ಆದ್ದರಿಂದ ಇಂಥ ರೋಗಿಗಳಲ್ಲಿ ಅಪಧಮನಿಗೆ ಹಾಕಿದ ನಳಿಕೆಯಿಂದ ರಕ್ತ ತೆಗೆದು ಬ್ಲಡ್ ಗ್ಯಾಸ್ ಯಂತ್ರದಲ್ಲೋ ಲ್ಯಾಬಿನಲ್ಲೋ ನೋಡುವುದು ಹೆಚ್ಚು ಸರಿ. ಗ್ಲುಕೋಸ್ ಹೋಗುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಅಂಕಿ 400–500ಕ್ಕೆ ಹಾರುವುದುಂಟು. ಹಿಂದಿನ ಅಂಕಿಗಳಿಗೆ ಸ್ವಲ್ಪವೂ ಹೊಂದದ ಒಂದು ಅಂಕಿಯನ್ನು ಕಂಡು ಸಿಸ್ಟರ್ ಮತ್ತೊಮ್ಮೆ ರಕ್ತ ತೆಗೆಯಲು ಬಂದರೆ “ಎಷ್ಟು ಸಲ ಚುಚ್ಚುತ್ತೀರಿ” ಎಂದು ಸಿಡುಕಬೇಡಿ.

ಚುಚ್ಚುವ ಲೆಕ್ಕವೂ ತಿಳಿದಿರಲಿ. ರಕ್ತನಾಳಕ್ಕೆ ಇನ್ಸುಲಿನ್ ಹನಿಸುವ ಪಂಪ್ ಓಡುತ್ತಿರುವಾಗ, ಶುಗರ್ ಒಂದು ಹದಕ್ಕೆ ನಿಲ್ಲುವ ತನಕ, ಗಂಟೆಗೊಮ್ಮೆ ಅಥವಾ ಎರಡು ಗಂಟೆಗೊಮ್ಮೆ ನೋಡಬೇಕಾಗುತ್ತದೆ. ನಿಂತ ಮೇಲೆ ನಾಲ್ಕು ಗಂಟೆಗೊಮ್ಮೆ ಸಾಕಾಗಬಹುದು.

ಹೆಜ್ಜೆ 5: ಪಂಪಿನಲ್ಲಿ ಏನು ನಡೆಯುತ್ತಿದೆ ಎಂದು ಅರ್ಥಮಾಡಿಕೊಳ್ಳುವುದು

ಚರ್ಮದ ಕೆಳಗೆ ಕೊಡುವ ಇನ್ಸುಲಿನ್ನನ್ನು ರಕ್ತಸಂಚಾರ ಕುಂಠಿತವಾದವರ ದೇಹ ಯಾವಾಗ ಎಷ್ಟು ಹೀರಿಕೊಳ್ಳುತ್ತದೆಂದು ಹೇಳಲಾಗದು. ಹಾಗಾಗಿ ಸಾಮಾನ್ಯವಾಗಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ನನ್ನು 50 ಮಿಲಿಲೀಟರ್ ಸಲೈನಿನಲ್ಲಿ ಬೆರೆಸಿ, ಸಿರಿಂಜ್ ಪಂಪಿನಿಂದ ರಕ್ತನಾಳಕ್ಕೆ ಹನಿಸುತ್ತಾರೆ. ಪಂಪಿನ ಮೇಲೆ 3 ಎಂದಿದ್ದರೆ ಗಂಟೆಗೆ 3 ಯೂನಿಟ್. ರಕ್ತನಾಳಕ್ಕೆ ಹೋದ ಇನ್ಸುಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಅದೇ ಅದರ ಗುಣ: ಬೇಡವೆನಿಸಿದರೆ ನಿಲ್ಲಿಸಬಹುದು. ಇನ್ಸುಲಿನ್ ಪೊಟ್ಯಾಸಿಯಮ್ಮನ್ನೂ ಜೀವಕೋಶಗಳ ಒಳಗೆ ಎಳೆದುಕೊಳ್ಳುವುದರಿಂದ ಅದರ ಪರೀಕ್ಷೆಯೂ ಜೊತೆಜೊತೆಗೆ ನಡೆಯಬೇಕು, ಇಲ್ಲವಾದರೆ ಹೃದಯದ ಬಡಿತ ಕೆಡುತ್ತದೆ.

ಇಲ್ಲಿ ಮನೆಯವರು ಎತ್ತುವ ದೂರು ಒಂದಿದೆ: “ಸಕ್ಕರೆ ಕಾಯಿಲೆಯವರಿಗೆ ಗ್ಲುಕೋಸ್ ಬಾಟಲಿ ಹಾಕಿದ್ದಾರೆ!” ಒಂದು ಕಡೆ ಇನ್ಸುಲಿನ್, ಇನ್ನೊಂದು ಕಡೆ ಗ್ಲುಕೋಸ್ ಕಂಡರೆ ತಪ್ಪೆಂದು ತಿಳಿಯಬೇಕಾಗಿಲ್ಲ. ಕೀಟೋ ಆಮ್ಲತೆಯಿಂದ ಬಂದ ರೋಗಿಯಲ್ಲಿ ಶುಗರ್ ಮೊದಲು ಇಳಿಯುತ್ತದೆ, ರಕ್ತದ ಆಮ್ಲ ಆಮೇಲೆ ಹೋಗುತ್ತದೆ. ಆಮ್ಲ ಹೋಗುವ ತನಕ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಆದ್ದರಿಂದ ಶುಗರ್ 200–250ಕ್ಕೆ ಬಂದಾಗ ಗ್ಲುಕೋಸ್ ಸೇರಿಸಿ ಇನ್ಸುಲಿನ್ ಮುಂದುವರಿಸುತ್ತಾರೆ. ಬಾಲ್ಯದಿಂದಲೇ ಇನ್ಸುಲಿನ್ ಮೇಲೆ ಬದುಕುವ ಟೈಪ್ 1 ರೋಗಿಗಳಲ್ಲಂತೂ, ಊಟವಿಲ್ಲದಿದ್ದರೂ, ಇನ್ಸುಲಿನ್ ಪೂರ್ತಿ ನಿಲ್ಲಬಾರದು. ರೋಗಿ ಅಂಥವರಾಗಿದ್ದರೆ ಪ್ರತಿ ಹೊಸ ಪಾಳಿಯವರಿಗೂ ಅದನ್ನು ನೀವೇ ನೆನಪಿಸಿದರೂ ಅತಿಯಾಗದು.

ಹೆಜ್ಜೆ 6: ಆಹಾರ ನಿಂತ ಹೊತ್ತನ್ನು ಕಾಯುವುದು

ಶುಗರ್ ಅಪಾಯಕ್ಕೆ ಇಳಿಯುವುದು ಬಹಳ ಸಲ ಇನ್ಸುಲಿನ್ ಹೆಚ್ಚಾದದ್ದರಿಂದಲ್ಲ, ಆಹಾರ ನಿಂತು ಇನ್ಸುಲಿನ್ ಮಾತ್ರ ಮುಂದುವರಿದದ್ದರಿಂದ. ಮೂಗಿನ ನಳಿಕೆಯಿಂದ ಆಹಾರ ಹೋಗುತ್ತಿರುತ್ತದೆ. ಸ್ಕ್ಯಾನಿಗೆ ಕರೆದೊಯ್ಯಬೇಕೆಂದೋ ವಾಂತಿಯಾಯಿತೆಂದೋ ಅದನ್ನು ನಿಲ್ಲಿಸುತ್ತಾರೆ, ಪಂಪ್ ಮಾತ್ರ ಓಡುತ್ತಲೇ ಇರುತ್ತದೆ. ಸ್ಟೀರಾಯ್ಡ್ ಕಡಿಮೆ ಮಾಡಿದ ದಿನ, ಮೂತ್ರಪಿಂಡ ಕೆಟ್ಟ ದಿನ, ಡಯಾಲಿಸಿಸ್ ಆರಂಭಿಸಿದ ದಿನವೂ ಹೀಗೆಯೇ ಜಾಗ್ರತೆ ಬೇಕು. ಯಕೃತ್ತು ಸೋತವರಲ್ಲಿ ಉಪವಾಸ ಬಿದ್ದಾಗ ಶುಗರನ್ನು ಎತ್ತಿಹಿಡಿಯುವ ಶಕ್ತಿಯೇ ಇರುವುದಿಲ್ಲ.

ಎಚ್ಚರವಿರುವ ಮನುಷ್ಯ ಶುಗರ್ 70ರ ಕೆಳಗಿಳಿದರೆ ಬೆವರುತ್ತಾನೆ, ನಡುಗುತ್ತಾನೆ, ಹಸಿವೆನ್ನುತ್ತಾನೆ. ನಿದ್ರೆಯ ಔಷಧ ಕೊಟ್ಟು ವೆಂಟಿಲೇಟರಿನಲ್ಲಿ ಮಲಗಿಸಿದವನು ಏನನ್ನೂ ಹೇಳಲಾರ. ಅವನ ಪರವಾಗಿ ಮಾತನಾಡುವುದು ಆ ಗಂಟೆಗೊಮ್ಮೆಯ ಅಂಕಿ ಮಾತ್ರ. ಅಂಕಿ 54ರ ಕೆಳಗೆ ಹೋದರೆ ಅದು ತುರ್ತು: ಪಂಪ್ ನಿಲ್ಲಿಸಿ, 25 ಶೇಕಡಾ ಗ್ಲುಕೋಸ್ 100 ಮಿಲಿಲೀಟರಿನ ತನಕ ರಕ್ತನಾಳಕ್ಕೆ ಕೊಟ್ಟು, 15 ನಿಮಿಷದಲ್ಲಿ ಮತ್ತೆ ನೋಡುತ್ತಾರೆ. ಮನೆಯವರು ಇಲ್ಲಿ ಮಾಡಬಹುದಾದದ್ದು ಸಣ್ಣದು. ಸ್ಕ್ಯಾನಿಗೆ ಹೊರಡುವಾಗ ಜೊತೆಗಿದ್ದರೆ, “ಫೀಡ್ ನಿಲ್ಲಿಸಿದ್ದೀರಲ್ಲ, ಇನ್ಸುಲಿನ್ ಏನು ಮಾಡಿದ್ದೀರಿ?” ಎಂದು ಮೆಲುದನಿಯಲ್ಲಿ ಕೇಳಬಹುದು.

ಇನ್ನು ಭೇಟಿಯ ಹೊತ್ತಿನಲ್ಲಿ ಸೆರಗಿನ ಮರೆಯಲ್ಲಿ ಬರುವ ಗಂಜಿತಿಳಿ, ಬೊಂಡದ ನೀರು, ದೇವಸ್ಥಾನದ ಪಂಚಾಮೃತದ ಬಗ್ಗೆ. ಎರಡು ಚಮಚೆಯಲ್ಲಿ ಶುಗರಿಗೇನೂ ಆಗದು ಎಂಬುದು ನಿಜವಿರಬಹುದು. ಆದರೆ ಮಂಪರಿನಲ್ಲಿರುವವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಮೂತ್ರಪಿಂಡ ಕೆಟ್ಟವರಿಗೆ ಬೊಂಡದ ಪೊಟ್ಯಾಸಿಯಮ್ ಪ್ರಾಣಾಂತಿಕವಾಗಬಲ್ಲದು, ಮತ್ತು ಲೆಕ್ಕಕ್ಕೆ ಸೇರದ ಸಿಹಿಯಿಂದ ಏರಿದ ಶುಗರಿಗೆ ಸಿಸ್ಟರ್ ಇನ್ಸುಲಿನ್ ಏರಿಸುತ್ತಾರೆ. ಕೇಳದೆ ಏನನ್ನೂ ಕೊಡಬೇಡಿ.

ಹೆಜ್ಜೆ 7: ತಲಪಾಡಿ ದಾಟುವಾಗ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ಐವತ್ತು ಕಿಲೋಮೀಟರ್. ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂದಿದ್ದರೂ, ಕುಂಬಳೆ, ಉಪ್ಪಳ, ಮಂಜೇಶ್ವರದವರ ಕಾಲು ಕಾಯಿಲೆ ಜೋರಾದರೆ ಮಂಗಳೂರಿನತ್ತಲೇ ತಿರುಗುವುದು ವಾಡಿಕೆ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಆ ಐವತ್ತು ಕಿಲೋಮೀಟರಿನ ಬೆಲೆ ಎಲ್ಲರಿಗೂ ಗೊತ್ತಾಯಿತು. ಶುಗರಿನ ದೃಷ್ಟಿಯಿಂದ ಈ ಪ್ರಯಾಣವೇ ಎಲ್ಲಕ್ಕಿಂತ ಅಪಾಯದ ಹೊತ್ತು.

ಒಮ್ಮೆ ಹೀಗೆ ಬಂದ ರೋಗಿಯೊಬ್ಬರನ್ನು ನಾವು ಇಳಿಸಿಕೊಂಡಾಗ ಶುಗರ್ 38 ಇತ್ತು. ದಾರಿಯಲ್ಲಿ ವಾಂತಿಯಾಗದಿರಲೆಂದು ಹೊರಡುವ ಎರಡು ಗಂಟೆ ಮೊದಲೇ ಫೀಡ್ ನಿಲ್ಲಿಸಿದ್ದರು, ಅದು ಸರಿಯೇ. ಇನ್ಸುಲಿನ್ ಪಂಪಿನ ಬ್ಯಾಟರಿ ಚೆನ್ನಾಗಿದ್ದುದರಿಂದ ಅದು ಮಾತ್ರ ದಾರಿಯುದ್ದಕ್ಕೂ ಓಡಿತ್ತು. ಯಾರೊಬ್ಬರ ಕೆಟ್ಟತನವೂ ಅದರಲ್ಲಿರಲಿಲ್ಲ. ಹೊರಡಿಸಿದವರು ಆಂಬ್ಯುಲೆನ್ಸಿನವರು ನೋಡುತ್ತಾರೆಂದುಕೊಂಡರು, ಆಂಬ್ಯುಲೆನ್ಸಿನವರು ಹೊರಡಿಸಿದವರು ನೋಡಿದ್ದಾರೆಂದುಕೊಂಡರು.

ಆದ್ದರಿಂದ ಹೊರಡುವ ಮುನ್ನ ಹೀಗೆ ಮಾಡಿ. ಸ್ಟ್ರೆಚರ್ ಅಲುಗುವ ಮೊದಲು ಶುಗರ್ ನೋಡಿ ಅಂಕಿಯನ್ನೂ ಹೊತ್ತನ್ನೂ ರೆಫರಲ್ ಚೀಟಿಯಲ್ಲಿ ಬರೆಯಲು ಕೇಳಿ. ಪಂಪ್ ನಿಲ್ಲಿಸುತ್ತಾರೋ, ಗ್ಲುಕೋಸ್ ಜೊತೆಗೆ ಮುಂದುವರಿಸುತ್ತಾರೋ ಎಂದು ಕೇಳಿ ತಿಳಿಯಿರಿ. ಆಂಬ್ಯುಲೆನ್ಸಿನಲ್ಲಿ ಗ್ಲುಕೋಮೀಟರ್, ಗ್ಲುಕೋಸ್ ಬಾಟಲಿ ಇವೆಯೇ, ಅರ್ಧ ದಾರಿಯಲ್ಲಿ ಒಮ್ಮೆ ನೋಡುವವರು ಯಾರು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಕೊನೆಯ ಇನ್ಸುಲಿನ್ ಎಷ್ಟು, ಕೊನೆಯ ಫೀಡ್ ಎಷ್ಟು ಗಂಟೆಗೆ, ಸ್ಟೀರಾಯ್ಡ್ ಕೊಟ್ಟಿದ್ದಾರೆಯೇ, ಇಷ್ಟು ಇರುವ ಕಾಗದ ನಿಮ್ಮ ಕೈಯಲ್ಲಿರಲಿ, ಚಾಲಕನ ಬಳಿ ಅಲ್ಲ. ಆ ಕಾಗದದ ಫೋಟೋ ಫೋನಿನಲ್ಲೂ ಇರಲಿ.

ಹೆಜ್ಜೆ 8: ವಾರ್ಡಿಗೆ, ಅಲ್ಲಿಂದ ಮನೆಗೆ

ಐಸಿಯುವಿನಿಂದ ವಾರ್ಡಿಗೆ ಬರುವಾಗ ಪಂಪ್ ತೆಗೆಯುತ್ತಾರೆ. ಪಂಪಿನ ಇನ್ಸುಲಿನ್ ನಿಮಿಷಗಳಲ್ಲಿ ಮುಗಿದುಹೋಗುವುದರಿಂದ, ಮುಂದುವರಿಸಿ ಇನ್ಸುಲಿನ್ ಬೇಕಾದವರಿಗೆ ಪಂಪ್ ನಿಲ್ಲಿಸುವ ಸುಮಾರು ಎರಡು ಗಂಟೆ ಮೊದಲೇ ದೀರ್ಘಾವಧಿಯ ಇನ್ಸುಲಿನ್ ಚರ್ಮದಡಿಯಲ್ಲಿ ಕೊಟ್ಟಿರಬೇಕು. ಇಲ್ಲವಾದರೆ ಅದೇ ರಾತ್ರಿ ಶುಗರ್ ಮತ್ತೆ 350 ಆಗುತ್ತದೆ. ವಾರ್ಡಿನಲ್ಲಿ ಊಟದ ತಟ್ಟೆ ಕಣ್ಣೆದುರು ಬಂದ ಮೇಲೆ ಊಟದ ಇನ್ಸುಲಿನ್ ತೆಗೆದುಕೊಳ್ಳುವುದು ಕ್ಷೇಮ. ಬೆವರು, ನಡುಕ, ಅಸಂಬದ್ಧ ಮಾತು ಕಂಡರೆ ಬೆಲ್ ಒತ್ತಿ. ಪೂರ್ತಿ ಎಚ್ಚರವಿದ್ದು ನುಂಗಲು ಬರುವವರಿಗೆ ಮಾತ್ರ ಮೂರು ಚಮಚೆ ಸಕ್ಕರೆ ಕದಡಿದ ನೀರು ಕೊಡಬಹುದು.

ಮನೆಗೆ ಕಳುಹಿಸುವ ದಿನ ಡಿಸ್ಚಾರ್ಜ್ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕುವ ಮೊದಲು ಕುಳಿತು ಓದಿಸಿಕೊಳ್ಳಿ. ಹಳೆಯ ಗುಳಿಗೆಗಳಲ್ಲಿ ಯಾವುದು ನಿಂತಿತು, ಯಾವುದು ಮತ್ತೆ ಆರಂಭ, ಎಂದಿನಿಂದ? ಸ್ಟೀರಾಯ್ಡ್ ಗುಳಿಗೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಹೋಗಲು ಹೇಳಿದ್ದರೆ ಇನ್ಸುಲಿನ್ನನ್ನೂ ಹೇಗೆ ಇಳಿಸಬೇಕೆಂದು ಬರೆಸಿಕೊಳ್ಳಲೇಬೇಕು. ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಯೂ ಸೇರದ ಹೊತ್ತಿನಲ್ಲಿ ಮೊದಲಿನ ಪ್ರಮಾಣದ ಗ್ಲಿಮೆಪಿರೈಡ್ ನುಂಗಿ ಬೆಳಗಿನ ಜಾವ ಪ್ರಜ್ಞೆ ತಪ್ಪಿ ಮರಳಿ ಬಂದವರು ಒಬ್ಬಿಬ್ಬರಲ್ಲ. ಏಕಾದಶಿಯ ಉಪವಾಸವಿರಲಿ, ರಂಜಾನ್ ವ್ರತವಿರಲಿ, ವೈದ್ಯರನ್ನು ಕೇಳದೆ ಮನೆಗೆ ಬಂದ ಆ ತಿಂಗಳಲ್ಲಿ ಹಿಡಿಯಬಾರದು.

ಸಕ್ಕರೆ ಕಾಯಿಲೆ ಇಲ್ಲದೆ ಐಸಿಯುವಿನಲ್ಲಿ ಮಾತ್ರ ಶುಗರ್ ಏರಿದ್ದವರು, ಮನೆಗೆ ಬಂದ ಮೇಲೆ ಅಂಕಿ ಸರಿಯಾಯಿತೆಂದು ಮರೆಯಬಾರದು; ಮುಂದೆ ಅವರಿಗೆ ಆ ಕಾಯಿಲೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಒಂದೂವರೆಯಿಂದ ಮೂರು ತಿಂಗಳೊಳಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬರಿಹೊಟ್ಟೆಯ ಶುಗರ್ ನೋಡಿಸಿ. ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಅದನ್ನು ಅಲ್ಲಿ ಹೇಳಿ, ಎಚ್‌ಬಿಎ1ಸಿಯನ್ನು ಮೂರು ತಿಂಗಳು ಕಳೆದ ಮೇಲೆ ಮಾಡಿಸಿ.